ಅಪ್ಪನಿಗಾಗಿ ಒಂದು ಮೋಡೆಮ್

ನಮ್ಮ ಮನೆಗೆ ಫೋನು ಬಂದ ಮೇಲೆ ಅಪ್ಪನಿಗೆ ಅಕ್ಕನ ಸುದ್ದಿ ಸಿಗುವುದು ನಿಂತುಹೋಯಿತು.

ಇದು ಉಲ್ಟಾ ಮಾತು ಅನ್ನಿಸಬಹುದು, ಆದರೆ ನಡೆದದ್ದು ಹಾಗೆಯೇ. ಅಕ್ಕ ಮದುವೆಯಾಗಿ ಭಿಲಾಯಿಗೆ ಹೋದ ಮೊದಲ ನಾಲ್ಕು ವರ್ಷ ತಿಂಗಳಿಗೆ ಎರಡಾದರೂ ಇನ್‌ಲ್ಯಾಂಡ್ ಕಾಗದ ಬರುತ್ತಿದ್ದವು. ಅಂಟು ಹಚ್ಚುವ ಅಂಚನ್ನೂ ಬಿಡದೆ ಬರೆಯುವ ಚಾಳಿ ಅವಳದು. ಅಪ್ಪ ಹೊಸ್ತಿಲ ಮೇಲೆ ಕುಳಿತು ತಾನೇ ಮೊದಲು ಓದಬೇಕು, ಆಮೇಲೆ ನಮಗೆ. ಓದಿ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟನೆಂದರೆ ಮುಂದಿನ ಕಾಗದ ಬರುವವರೆಗೂ ಅದು ಅಲ್ಲಿಯೇ. ಒಮ್ಮೆ ಕಿಸೆ ನೋಡದೆ ಅಂಗಿ ನೆನೆಹಾಕಿದ್ದಕ್ಕೆ ಅವ್ವ ಎರಡು ದಿನ ಬೈಸಿಕೊಂಡಿದ್ದಳು. ಆಮೇಲೆ ಫೋನು ಬಂತು. ಭಾನುವಾರ ಬೆಳಿಗ್ಗೆ ಅಕ್ಕ ಫೋನು ಮಾಡುವುದು, ಅವ್ವ ಮಾತಾಡುವುದು ರೂಢಿಯಾಯಿತು. ಎಲ್ಲವನ್ನೂ ಫೋನಿನಲ್ಲಿ ಹೇಳಿದ ಮೇಲೆ ಬರೆಯಲು ಏನು ಉಳಿಯುತ್ತದೆ? ಕಾಗದ ನಿಂತವು.

ಅಪ್ಪನಿಗೆ ಫೋನು ಕೇಳಿಸುತ್ತಿರಲಿಲ್ಲ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಅವನು ಮೂವತ್ತು ವರ್ಷ ಫಿಟರ್ ಆಗಿದ್ದ. ಕಿವಿಗೆ ಹಾಕಿಕೊಳ್ಳಲು ಕೊಟ್ಟ ರಬ್ಬರಿನ ಬೂಚುಗಳನ್ನು ಅವನು ಕಿಸೆಯಲ್ಲಿ ಹಾಕಿಕೊಂಡು ಓಡಾಡುತ್ತಿದ್ದನಂತೆ, ಕಿವಿ ಮುಚ್ಚಿದರೆ ಬೇರಿಂಗ್ ಏನು ಹೇಳುತ್ತದೆಂದು ತಿಳಿಯುವುದಿಲ್ಲ ಎಂಬುದು ಅವನ ವಾದ. ಡಾಕ್ಟರು ಮಿಲ್ಲಿನ ಸದ್ದೂ ಇರಬಹುದು, ಮನೆತನದ್ದೂ ಇರಬಹುದು ಅಂದಿದ್ದರು. ಕಲಘಟಗಿ ಕಡೆಯ ನಮ್ಮ ಅಜ್ಜನಿಗೂ ಕಿವಿ ಮಂದವಿತ್ತು. ಯಾವುದೇ ಇರಲಿ, ನಾನು ಕಾಲೇಜು ಮುಗಿಸುವ ಹೊತ್ತಿಗೆ ಅಪ್ಪನ ಜೊತೆ ಮಾತಾಡಬೇಕೆಂದರೆ ಕೂಗಬೇಕಾಗಿತ್ತು. ನಾನು ಕೂಗುತ್ತಿದ್ದೆ. ಅಡುಗೆ ಮನೆಯಿಂದ, ಅವನ ಬೆನ್ನ ಹಿಂದಿನಿಂದ, ಬಚ್ಚಲಿನಿಂದ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಮೂರನೇ ಸಲ ಕೂಗುವಾಗ ಅದು ಬೈಗುಳದಂತೆಯೇ ಇರುತ್ತಿತ್ತು.

ಭಾನುವಾರ ಫೋನು ಬಂದಾಗ ಅಪ್ಪ ಅವ್ವನ ಎದುರಿಗೆ ಬಂದು ನಿಲ್ಲುತ್ತಿದ್ದ. ಅವಳ ಮುಖ ನೋಡುತ್ತ, ಅವಳು ನಕ್ಕರೆ ತಾನೂ ನಗುತ್ತ. ಅವಳು ಫೋನು ಇಟ್ಟ ಕೂಡಲೇ ಕೇಳುತ್ತಿದ್ದ.

"ಏನಂತಾಳ?"

"ಎಲ್ಲಾ ಆರಾಮಂತ."

"ಇಪ್ಪತ್ತ ಮಿನಿಟ ಮಾತಾಡಿದಿ. ಅಷ್ಟ ಅಂದ್ಲೇನು?"

"ಮತ್ತೇನ ಅಂತಾರ್ರೀ? ನಿಮ್ಮನ್ನ ಕೇಳಿದ್ಲು."

ಅವ್ವನನ್ನು ದೂರುವಂತಿಲ್ಲ. ಸಾಂಬ್ರಾಣಿ ಎಂಬ ಹಳ್ಳಿಯ ರೈತರ ಮನೆಯ ಮಗಳು, ಹೊಲದಲ್ಲಿ ಆಚೆ ಬದುವಿನಿಂದ ಈಚೆ ಬದುವಿಗೆ ಕೂಗಿ ಬೆಳೆದವಳು. ಆದರೂ ಇಪ್ಪತ್ತು ನಿಮಿಷದ ಮಾತನ್ನು ವಾರವಾರವೂ ಕೂಗಿ ಹೇಳುವುದು ಯಾರಿಂದಲೂ ಆಗುವುದಿಲ್ಲ. ನಾನೂ ಅಷ್ಟೇ ಮಾಡುತ್ತಿದ್ದೆ. ಏನಿಲ್ಲ ಬಿಡು, ಆಮೇಲೆ ಹೇಳುತ್ತೇನೆ, ಎನ್ನುತ್ತಿದ್ದೆ. ಅಪ್ಪ ಮತ್ತೊಮ್ಮೆ ಕೇಳುತ್ತಿರಲಿಲ್ಲ. ಅಂಗಳಕ್ಕೆ ಹೋಗಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಆ ಚೈನಿಗೆ ಎಣ್ಣೆಯ ಅಗತ್ಯ ಎಂದೂ ಇರಲಿಲ್ಲ.

ಕಾಗದ ಬರಿ ಎಂದು ಅಕ್ಕನಿಗೆ ನಾನೇ ಫೋನಿನಲ್ಲಿ ಹೇಳಿದ್ದೆ. ಬರೆದಳು, ನಾಲ್ಕೇ ಸಾಲು. ಅದರಲ್ಲೂ ಎಲ್ಲಾ ಆರಾಮ. ಮತ್ತೆ ಬರೆಯಲಿಲ್ಲ. ಎರಡೂವರೆ ವರ್ಷದ ಮಗ, ಒಂದು ಶಾಲೆಯ ಆಫೀಸಿನಲ್ಲಿ ಕೆಲಸ, ಕೈ ಬಿಡುವಿಲ್ಲ ಅಂದಳು. ಒಂದು ಭಾನುವಾರ ಅವಳೇ ಹೇಳಿದಳು, ಶಾಲೆಯ ಕಂಪ್ಯೂಟರಿಗೆ ಇಂಟರ್ನೆಟ್ ಬಂದಿದೆ, ಈಮೇಲ್ ಆದರೆ ಕುಳಿತಲ್ಲೇ ಬರೆದು ಒಗೆಯಬಹುದು ಎಂದು. ಈ ಮಾತನ್ನು ಮಾತ್ರ ನಾನು ಅಪ್ಪನಿಗೆ ಒಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅವನು ಚೀಟಿ ಓದಿ, ನನ್ನ ಕೋಣೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಕಡೆ ನೋಡಿದ.

"ಇದರಾಗ ಬರತಾವೇನು ಕಾಗದ?"

"ಬರತಾವ. ಮೋಡೆಮ್ ಒಂದ ಹಾಕಬೇಕ."

"ಹಾಕೂಣಲ್ಲ ಮತ್ತ," ಅಂದ.

ಹಾಕೂಣು ಎಂಬ ಆ ಮಾತು ಒಂದು ಮಳೆಗಾಲ ಪೂರ್ತಿ ತಿಂದಿತು.

ಆ ಕಂಪ್ಯೂಟರಿನ ಕಥೆ ಸ್ವಲ್ಪ ಹೇಳಬೇಕು. ನಾನು ಆಗ ದಾಂಡೇಲಿಯ ಒಂದು ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಕ್ಲಾಸಿನ ಸರ್ ಬಹಳ ಕಟ್ಟುನಿಟ್ಟಿನ ಮನುಷ್ಯ. ಊರೆಲ್ಲ ಕಳ್ಳ ಸಿಡಿಯಿಂದ ವಿಂಡೋಸ್ ಹಾಕಿಕೊಳ್ಳುತ್ತಿದ್ದಾಗ ಅವರು, ಕದ್ದ ಸಾಮಾನಿನ ಮೇಲೆ ವಿದ್ಯೆ ಕಲಿಸುವುದಿಲ್ಲ ಎಂದು ಹಟ ಹಿಡಿದು, ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಲಿನಕ್ಸ್ ಸಿಡಿ ತಂದು ಹಾಕಿದರು. ಕಲಿಯುವವರು ಒಬ್ಬೊಬ್ಬರೇ ಬಿಟ್ಟು ಹೋದರು. ಕೊನೆಗೆ ಆ ಹಳೆಯ ಯಂತ್ರ, ಸಿಡಿ ಸಮೇತ, ನನ್ನ ಪಾಲಿಗೆ ಬಂತು. ನನಗೆ ಲಿನಕ್ಸ್ ಇಷ್ಟವಾಗಿತ್ತು. ಕಪ್ಪು ಪರದೆಯ ಮೇಲೆ ನಾವು ಹೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿತ್ತು, ಉಪಚಾರದ ಮಾತು ಇಲ್ಲ. ನನ್ನ ಸ್ವಭಾವಕ್ಕೆ ಹೊಂದುತ್ತಿತ್ತು.

ಹುಬ್ಬಳ್ಳಿಯಿಂದ ಮೋಡೆಮ್ ತರಿಸಿದೆ. ಅಂಗೈಯಷ್ಟು ಹಸಿರು ಕಾರ್ಡು, ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂರಿಸುವಂಥದ್ದು. ಅದರ ಬೆನ್ನಿಗೆ ಫೋನಿನ ವಾಯರು ಸಿಕ್ಕಿಸಿದರೆ ಕಂಪ್ಯೂಟರು ತಾನೇ ಫೋನು ತಿರುಗಿಸಿ ಇಂಟರ್ನೆಟ್ಟಿಗೆ ಹೋಗಬೇಕು. ಕೂರಿಸಿದೆ, ಸ್ಕ್ರೂ ಬಿಗಿದೆ, ಚಾಲೂ ಮಾಡಿದೆ. ಲಿನಕ್ಸಿಗೆ ಅದು ಕಾಣಲೇ ಇಲ್ಲ. ನಿನ್ನೊಳಗೆ ಏನೇನಿದೆ ಹೇಳು ಎಂದು ಕೇಳಿದರೆ ಧ್ವನಿಯ ಕಾರ್ಡು, ಚಿತ್ರದ ಕಾರ್ಡು ಎಲ್ಲದರ ಹೆಸರು ಹೇಳಿ, ಮೋಡೆಮಿನ ಜಾಗದಲ್ಲಿ ಮಾತ್ರ ಗೊತ್ತಿಲ್ಲದ ಸಾಮಾನು ಎಂದು ಬರೆಯಿತು. ಮನೆಗೆ ಬಂದ ಅತಿಥಿಯನ್ನು ಗುರುತು ಹಿಡಿಯದೆ ಬಾಗಿಲಲ್ಲೇ ನಿಲ್ಲಿಸಿದ ಹಾಗೆ.

ನಾನು ಮಾಡದ ಪ್ರಯತ್ನವಿಲ್ಲ. ಒಂದನೇ ಪೋರ್ಟಿನಲ್ಲಿ ಹುಡುಕು ಅಂದೆ, ಎರಡನೆಯದರಲ್ಲಿ ಹುಡುಕು ಅಂದೆ, ನಾಲ್ಕನ್ನೂ ಜಾಲಾಡಿಸಿದೆ. ಮೋಡೆಮನ್ನು ಮಾತಾಡಿಸುವ ಅಪ್ಪಣೆ ಎಂದರೆ ಎ, ಟಿ ಎಂಬ ಎರಡೇ ಅಕ್ಷರ. ಜೀವಂತ ಇದ್ದರೆ ಅದು ಓಕೆ ಎಂದು ಬರೆಯಬೇಕು. ನಾನು ಎ, ಟಿ ಒತ್ತಿ ಒತ್ತಿ ಸುಸ್ತಾದೆ, ಉತ್ತರವಿಲ್ಲ. ಸಿಟ್ಟಿನಲ್ಲಿ ಇಡೀ ಲಿನಕ್ಸನ್ನೇ ಅಳಿಸಿ ಮೊದಲಿನಿಂದ ಹಾಕಿದೆ. ಮೂರು ಸಲ ಹಾಗೆ ಮಾಡಿದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ, ನನ್ನದೂ ಅದೇ ವೈದ್ಯ. ಹಳಿಯಾಳದಲ್ಲಿ ಒಂದು ಸೈಬರ್ ಅಂಗಡಿಯಿತ್ತು, ಬಸ್ಸು ಹತ್ತಿ ಅಲ್ಲಿಗೂ ಹೋಗಿಬಂದೆ. ಡಬ್ಬಿಯ ಮೇಲಿದ್ದ ಹೆಸರು ಹಾಕಿ ಹುಡುಕಿದರೆ ಏನೂ ಸಿಗಲಿಲ್ಲ. ಇಂಟರ್ನೆಟ್ ಸರಿಮಾಡುವ ದಾರಿ ಇಂಟರ್ನೆಟ್ಟಿನಲ್ಲೇ ಇದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಇಷ್ಟೂ ದಿನ ಅಪ್ಪ ನನ್ನ ಪಕ್ಕದಲ್ಲಿ ಸ್ಟೂಲು ಹಾಕಿ ಕುಳಿತಿರುತ್ತಿದ್ದ. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು, ಹೊತ್ತು ಹೋಗಬೇಕಲ್ಲ ಎಂದು ನಾನು ತಿಳಿದಿದ್ದೆ. ಅವನು ಹೊತ್ತು ಕಳೆಯಲು ಕುಳಿತಿರಲಿಲ್ಲ. ಒಂದು ಸಂಜೆ ನಾನು ಮೇಜಿನ ಮೇಲೆ ತಲೆಯಿಟ್ಟು ಕುಳಿತಿದ್ದಾಗ ಹೆಗಲು ಮುಟ್ಟಿ ಕೇಳಿದ.

"ಇದರ ನೇಮ್ ಪ್ಲೇಟ್ ಓದಿಯೇನು?"

"ಡಬ್ಬಿ ಮ್ಯಾಲಿಂದು ಓದೇನಿ," ಎಂದು ಕೂಗಿದೆ.

"ಡಬ್ಬಿ ಬ್ಯಾರೆ ಯಂತ್ರ ಬ್ಯಾರೆ. ಡಬ್ಬಿ ಮಾರಾವ್ರು ಮಾಡತಾರ. ಯಂತ್ರದ ಮೈ ಮ್ಯಾಲೇನ ಬರದೈತಿ ಅದನ್ನ ಓದಬೇಕ."

ಮಿಲ್ಲಿನಲ್ಲಿ ಅವನು ಕಲಿತ ಮೊದಲ ಪಾಠ ಅದಂತೆ. ಎಂಥ ಯಂತ್ರವೇ ಬರಲಿ, ಪಾನಾ, ಸ್ಕ್ರೂಡ್ರೈವರು ಹಿಡಿಯುವ ಮೊದಲು ಅದರ ಹಿತ್ತಾಳೆಯ ಪಟ್ಟಿಯನ್ನು ಬಟ್ಟೆಯಿಂದ ಒರೆಸಿ ಓದಬೇಕು. ಬಣ್ಣ ಬಳಿದು ಮುಚ್ಚಿದ್ದರೆ ಕೆರೆದು ಓದಬೇಕು. ನಾನು ಕಾರ್ಡು ಬಿಚ್ಚಿ ಕೊಟ್ಟೆ. ಅವನು ಪಂಜೆಯ ಚುಂಗಿನಿಂದ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ತಂದು, ಮಧ್ಯದ ಕಪ್ಪು ಚಿಪ್ಪಿನ ಮೇಲೆ ಇರುವೆಯ ಕಾಲಿನಷ್ಟು ಸಣ್ಣಗೆ ಬರೆದಿದ್ದ ನಂಬರನ್ನು ಒಂದೊಂದೇ ಅಕ್ಷರ ಹೇಳಿದ. ನಾನು ಬರೆದುಕೊಂಡೆ. ಡಬ್ಬಿಯ ಹೆಸರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಮತ್ತೆ ಹಳಿಯಾಳ. ಆ ನಂಬರು ಹಾಕಿದ ಕೂಡಲೇ ಪುಟಗಳು ಬಿಚ್ಚಿಕೊಂಡವು. ನನ್ನದು ವಿಂಡೋಸಿಗೆಂದೇ ಮಾಡಿದ ಅರ್ಧ ಮೋಡೆಮ್, ಉಳಿದರ್ಧ ಕೆಲಸವನ್ನು ವಿಂಡೋಸಿನ ಮೇಲೆ ಹಾಕಿ ಆರಾಮ ಕೂರುವಂಥದ್ದು. ನನ್ನ ಹಾಗೆ ಸಿಕ್ಕಿಬಿದ್ದ ಯಾರೋ ಪುಣ್ಯಾತ್ಮರು ಲಿನಕ್ಸಿಗೂ ಅದರ ಡ್ರೈವರ್, ಅಂದರೆ ಅದನ್ನು ನಡೆಸುವ ಪ್ರೋಗ್ರಾಮು, ಬರೆದು ಎಲ್ಲರಿಗೂ ಇಟ್ಟಿದ್ದರು. ನನ್ನ ಲಿನಕ್ಸಿನ ನಂಬರಿಗೆ ಹೊಂದುವ ಡ್ರೈವರನ್ನು ಹುಡುಕಿ ಫ್ಲಾಪಿಗೆ ಇಳಿಸಿಕೊಳ್ಳುವುದರಲ್ಲಿ ಎರಡು ಸಲ ಕರೆಂಟು ಹೋಯಿತು. ಸೂಚನೆಯ ಹಾಳೆಗಳನ್ನು ಪ್ರಿಂಟು ಹಾಕಿಸಿಕೊಂಡು, ಫ್ಲಾಪಿಯನ್ನು ಎದೆಗೆ ಅವಚಿಕೊಂಡು ಮನೆಗೆ ಬಂದೆ. ಕ್ಲಾಸಿಗೆ ಹೊತ್ತಾಗಿತ್ತು. ಫ್ಲಾಪಿಯನ್ನು ಮೇಜಿನ ಮೇಲಿಟ್ಟು ಓಡಿದೆ.

ತಿರುಗಿ ಬಂದಾಗ ಫ್ಲಾಪಿ ಮೇಜಿನ ಮೇಲೆ ಇರಲಿಲ್ಲ. ಅಪ್ಪ ಅದನ್ನು ಜೋಪಾನವಾಗಿ ತೆಗೆದಿಟ್ಟಿದ್ದ. ಮಿಲ್ಲಿನ ಫಿಟರಿಗೆ ಜಗತ್ತಿನಲ್ಲಿ ಅತ್ಯಂತ ಜೋಪಾನದ ಜಾಗ ಯಾವುದು? ಅವನ ಟೂಲ್ ಬಾಕ್ಸು. ಧೂಳು ಕೂರದ ಹಾಗೆ ಬಟ್ಟೆಯಲ್ಲಿ ಸುತ್ತಿ, ಸಣ್ಣ ಸಾಮಾನಿನ ಖಾನೆಯಲ್ಲಿ ಇಟ್ಟಿದ್ದ. ಅದೇ ಖಾನೆಯಲ್ಲಿ, ಬಿದ್ದ ಸ್ಕ್ರೂಗಳನ್ನು ಎತ್ತಲೆಂದು ಅವನು ಹಳೆಯ ಸ್ಪೀಕರಿನಿಂದ ಕಿತ್ತಿಟ್ಟುಕೊಂಡಿದ್ದ ಅಂಗೈಯಗಲದ ಮ್ಯಾಗ್ನೆಟ್ಟು ಇತ್ತು. ಮ್ಯಾಗ್ನೆಟ್ಟು ತಾಗಿದರೆ ಫ್ಲಾಪಿಯಲ್ಲಿ ಬರೆದದ್ದೆಲ್ಲ ಅಳಿಸಿಹೋಗುತ್ತದೆ.

ಫ್ಲಾಪಿ ಹಾಕಿದರೆ ಕಟಕಟ ಸದ್ದು, ಓದಲಾಗದು ಎಂಬ ಸಾಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಎದ್ದು ನಿಂತು ಕೂಗಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಯಾರು ಮುಟ್ಟು ಅಂದಿದ್ದರು, ಗೊತ್ತಿಲ್ಲದಿದ್ದರೆ ಸುಮ್ಮನಿರಬಾರದೇ, ಎಂದೆಲ್ಲ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಮಾತು ತಿಳಿದಿರಲಿಲ್ಲ. ನಾನು ಮ್ಯಾಗ್ನೆಟ್ಟನ್ನೂ ಫ್ಲಾಪಿಯನ್ನೂ ಎತ್ತಿ ತೋರಿಸಿದ ಮೇಲೆ ತಿಳಿಯಿತು. ಅವನು ಮ್ಯಾಗ್ನೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಹಿತ್ತಲಿಗೆ ಹೋದ. ಅವ್ವ ಬಾಗಿಲಲ್ಲಿ ನಿಂತು, "ಸಾಕ ಮಾಡ, ಅವರಿಗೇನ ಬೇಕಂತ ಮಾಡಿದ್ರೇನು," ಅಂದಳು. ನಾಚಿಕೆಯಾಯಿತು. ಆದರೆ ನಾಚಿಕೆಯಾಯಿತೆಂದು ಹೇಳಲು ನನ್ನಂಥವಳಿಗೆ ಬಾಯಿ ಎಲ್ಲಿ ಬರುತ್ತದೆ?

ಮರುದಿನ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಮಿಲ್ಲಿಗೆ ಒಯ್ಯುತ್ತಿದ್ದ ಹಳೆಯ ಡಬ್ಬಿ ಹಿಡಿದು ತಯಾರಾಗಿ ನಿಂತಿದ್ದ. ಡಬ್ಬಿಯಲ್ಲಿ ಅರಳೆ ಹಾಸಿದ್ದ.

"ನಡಿ, ಹಳಿಯಾಳಕ್ಕ ಹೋಗೂಣು. ಈ ಸಲ ನಾನ ಹಿಡಕೊಂಡ ಬರ್ತೇನಿ."

ಆ ಬಸ್ಸಿನ ಪ್ರಯಾಣ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ನಾವು ಕುಳಿತದ್ದು ಮುಂದೆ, ಇಂಜಿನ್ನಿನ ಪಕ್ಕದ ಸೀಟು. ಬಸ್ಸು ಮೈಯೆಲ್ಲ ನಡುಗಿಸಿಕೊಂಡು ಗರಗರ ಅನ್ನುತ್ತಿತ್ತು. ಕಂಡಕ್ಟರು ಕೇಳಿದ್ದು ನನಗೆ ತಿಳಿಯಲಿಲ್ಲ, ಏನು ಏನು ಎಂದು ಎರಡು ಸಲ ಕೇಳಿದೆ. ಅಪ್ಪ ಅವನ ತುಟಿ ನೋಡಿ ತಟ್ಟನೆ, "ಎರಡ ಹಳಿಯಾಳ," ಅಂದುಬಿಟ್ಟ. ಆಮೇಲೆ ನನ್ನ ಕಡೆ ತಿರುಗಿ ನಕ್ಕ. ಮಿಲ್ಲಿನ ಯಂತ್ರದ ಪಕ್ಕದಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲವಂತೆ, ಒಳ್ಳೆಯ ಕಿವಿಯವರಿಗೂ. ಅಲ್ಲಿ ಎಲ್ಲರೂ ತುಟಿ, ಕೈ, ಹುಬ್ಬುಗಳಲ್ಲೇ ಮಾತಾಡುವುದು. ಚಹಾಕ್ಕೆ ಹೀಗೆ, ಸಾಹೇಬರು ಬಂದರು ಎಂಬುದಕ್ಕೆ ಹೀಗೆ, ಬೆಲ್ಟು ಸರಿಯಿತು ಎಂಬುದಕ್ಕೆ ಹೀಗೆ ಎಂದು ದಾರಿಯುದ್ದಕ್ಕೂ ಮಾಡಿ ತೋರಿಸಿದ. ಕಾಡು ಮುಗಿದು ಗದ್ದೆ ಬರುವಷ್ಟರಲ್ಲಿ ನಾನು ಧ್ವನಿಯೇ ಇಲ್ಲದೆ ತುಟಿಯಾಡಿಸಿ, ನಿನ್ನೆ ತಪ್ಪಾಯಿತು ಎಂದೆ. ಅದೂ ಅವನಿಗೆ ತಿಳಿಯಿತು. "ಬಿಡವಾ," ಎಂದು ಡಬ್ಬಿಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡ.

ಫ್ಲಾಪಿ ಈ ಸಲ ಅರಳೆಯ ಹಾಸಿಗೆಯಲ್ಲಿ ದೊರೆಯ ಹಾಗೆ ಬಂತು. ಹಾಳೆಯಲ್ಲಿದ್ದಂತೆ ಒಂದೊಂದೇ ಸಾಲು ಟೈಪು ಮಾಡಿದೆ. ಅಪ್ಪ ಮುಗಿದ ಸಾಲಿಗೆಲ್ಲ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದ, ಮಿಲ್ಲಿನಲ್ಲಿ ಯಂತ್ರ ಬಿಚ್ಚಿ ಜೋಡಿಸುವಾಗಿನ ಪದ್ಧತಿ ಅದು. ಎಲ್ಲ ಮುಗಿದ ಮೇಲೆ ಎ, ಟಿ ಒತ್ತಿದೆ.

ಪರದೆಯ ಮೇಲೆ ಓಕೆ ಎಂದು ಬಂತು.

ಎರಡೇ ಅಕ್ಷರ. ನನಗೆ ಕಣ್ಣಲ್ಲಿ ನೀರು ಬಂತು. ಅಪ್ಪ ಅದನ್ನು ಬೆರಳಿಟ್ಟು ಓದಿ, "ಉತ್ತರ ಕೊಡ್ತು ನೋಡ," ಎಂದು ಅವ್ವನನ್ನು ಕರೆದ.

ಅಷ್ಟಕ್ಕೇ ಮುಗಿಯಲಿಲ್ಲ. ಇಂಟರ್ನೆಟ್ಟಿನ ನಂಬರು ತಿರುಗಿಸು ಎಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಡಯಲ್ ಟೋನ್ ಇಲ್ಲ ಎಂದು ಬರೆಯಿತು. ಫೋನು ಎತ್ತಿದರೆ ಟೋನು ಗುಂಯ್ ಅನ್ನುತ್ತಿತ್ತು. ಮತ್ತೆ ತಿರುಗಿಸಿದೆ, ಮತ್ತೆ ಇಲ್ಲ. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅಪ್ಪ ಟೂಲ್ ಬಾಕ್ಸಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತಂದ. ಬೇರಿಂಗ್ ಪರೀಕ್ಷೆ ಮಾಡುವುದು ಹೀಗೆ, ತುದಿಯನ್ನು ಯಂತ್ರಕ್ಕೆ ಇಟ್ಟು ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿಯುವುದು. ಕಿವಿ ಹೋದ ಮೇಲೂ ಎಲುಬಿಗೆ ನಡುಕ ತಿಳಿಯುತ್ತಿತ್ತು. ಮೋಡೆಮ್ ಸಿಕ್ಕಿಸಿದ ಜಾಗದಲ್ಲಿ ತುದಿಯಿಟ್ಟು, ಹೂಂ ಎಂದು ತಲೆಯಾಡಿಸಿದ. ನಾನು ತಿರುಗಿಸಿದೆ.

"ಟಕ್ ಅಂತ," ಅಂದ. "ಅಂದ್ರ ಫೋನ್ ಎತ್ತೈತಿ. ಎತ್ತಿ ಸುಮ್ನ ಕುಂತೈತಿ. ನಂಬರ್ ತಿರುಗಿಸವಲ್ದು. ಯಾರದೋ ದಾರಿ ಕಾಯಾಕತ್ತೈತಿ ಇದು."

ಆಗ ನನಗೆ ಹೊಳೆಯಿತು. ಹಾಳೆಗಳ ಕೊನೆಯಲ್ಲಿ ಒಂದು ಸಾಲು ಇತ್ತು. ಕೆಲವು ದೇಶಗಳ ಎಕ್ಸ್‌ಚೇಂಜಿನ ಟೋನು ಬೇರೆ ಥರ, ಮೋಡೆಮಿಗೆ ಅದರ ಗುರುತು ಸಿಗುವುದಿಲ್ಲ. ಟೋನಿಗೆ ಕಾಯಬೇಡ, ನೇರ ತಿರುಗಿಸು ಎಂದು ಹೇಳಲು ಎಕ್ಸ್ ಮೂರು ಎಂಬ ಅಪ್ಪಣೆ ಸೇರಿಸಬೇಕು. ಇದನ್ನು ಚೀಟಿಯಲ್ಲಿ ಬರೆದು ತೋರಿಸಿದರೆ ಅಪ್ಪ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಟೋನ್ ಬರಾಕತ್ತೈತಿ, ಇದಕ್ಕ ಕೇಳವಲ್ದು. ಕಿವುಡನ ಮುಂದ ಕಿನ್ನರಿ. ಇದೂ ನನ್ನಂಗ ಐತಿ ತಗಿ."

ಆ ಗಾದೆಯನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಆಡುತ್ತಿದ್ದವನು ಅವನೊಬ್ಬನೇ.

ಎಕ್ಸ್ ಮೂರು ಸೇರಿಸಿದೆ. ಮೋಡೆಮ್ ಟಕಟಕ ನಂಬರು ಒತ್ತಿ, ಕಿರುಚಿ, ಸುಂಯ್ ಎಂದು ಉಗುಳಿ, ಕೊನೆಗೆ ಸುಮ್ಮನಾಯಿತು. ಇಂಟರ್ನೆಟ್ ಹತ್ತಿತ್ತು. ಅಷ್ಟರಲ್ಲಿ ಏನು ಸದ್ದು ಎಂದು ಅವ್ವ ಫೋನು ಎತ್ತಿದಳು, ಲೈನು ಕಡಿಯಿತು. ಎರಡನೇ ಸಲ ಅವಳನ್ನು ಅಂಗಳಕ್ಕೆ ಕಳಿಸಿ ತಿರುಗಿಸಿದೆವು.

ಅಂದು ಮಧ್ಯಾಹ್ನ ಅಕ್ಕನಿಗೆ ಮೊದಲ ಪತ್ರ ಬರೆದೆ. ಕನ್ನಡದ ಅಕ್ಷರ ಆ ಯಂತ್ರದಲ್ಲಿ ಇರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ನಡೆದದ್ದೆಲ್ಲವನ್ನೂ ಬರೆದೆ, ಮ್ಯಾಗ್ನೆಟ್ಟು, ಅರಳೆಯ ಡಬ್ಬಿ, ಸ್ಕ್ರೂಡ್ರೈವರು, ಎಲ್ಲ. ಕೊನೆಗೆ, ಇದು ಅಪ್ಪ ನಿನಗಾಗಿ ಮಾಡಿದ್ದು, ಅವನ ಹೆಸರಿಗೇ ಬೇರೆ ಪತ್ರ ಬರಿ, ನಮ್ಮ ಹೆಸರು ಅದರಲ್ಲಿ ಬೇಡ, ಎಂದು ಬರೆದೆ.

ಉತ್ತರ ನಾಲ್ಕನೇ ದಿನ ಬಂತು. ಅಪ್ಪನ ಹೆಸರಿಗೇ ಬಂತು. ನಾನು ಪತ್ರ ತೆರೆದು ಕುರ್ಚಿ ಬಿಟ್ಟುಕೊಟ್ಟೆ. ಅವನು ಕನ್ನಡಕ ಹಾಕಿಕೊಂಡು, ಒಂದೊಂದು ಶಬ್ದದ ಕೆಳಗೂ ಬೆರಳು ಸರಿಸುತ್ತ, ತುಟಿಯಲ್ಲಿ ಕೂಡಿಸಿ ಕೂಡಿಸಿ ಓದಿದ. ಬಹಳ ಹೊತ್ತು ಹಿಡಿಯಿತು. ನಡುವೆ ಬೆರಳು ಒಂದು ಕಡೆ ನಿಂತಿತು. ಮತ್ತೆ ಹಿಂದಕ್ಕೆ ಹೋಗಿ ಅಲ್ಲಿಂದಲೇ ಓದಿದ. ಮುಗಿದ ಮೇಲೆ ಕನ್ನಡಕ ತೆಗೆದು, "ನೀನೂ ಓದು," ಅಂದ.

"ಅಪ್ಪಾ, ಫೋನಿನ್ಯಾಗ ಅವ್ವಗ ಎಲ್ಲಾ ಹೇಳೇನಿ, ನಿನಗ ಹೇಳಬ್ಯಾಡ ಅಂದೇನಿ. ಕಾಗದ ಬರಿಯಾಕ ಕುಂತ್ರ ನಿನಗ ಸುಳ್ಳ ಬರಿಯಾಕ ಕೈ ಬರಲಿಲ್ಲ, ಅದಕ್ಕ ಬರಿಯೂದ ಬಿಟ್ಟೆ. ನಿನ್ನ ಮೊಮ್ಮಗಗ ಕಿವಿ ಕೇಳೂದಿಲ್ಲ. ರಾಯಪುರದಾಗ ತೋರಿಸೇವಿ. ಎರಡೂ ಕಿವಿ. ಇನ್ನೂ ಒಂದ ಮಾತ ಆಡಿಲ್ಲ. ನನ್ನಿಂದ ಬಂತು ಅಂತ ನೀ ಕೊರಗತಿ ಅಂತ ಅವ್ವ ಹೆದರ್ಯಾಳ. ನಾ ಅವನ ಹಿಂದ ನಿಂತು ಕರದು ಕರದು ಸಾಕಾಗಿ ಒಬ್ಬಾಕೀನ ಕುಂತು ಅಳತೇನಿ. ನಿನ್ನ ಬಿಟ್ರ ನನಗ ಯಾರನ್ನ ಕೇಳಬೇಕ ಗೊತ್ತಿಲ್ಲ. ಕೇಳದಾವ್ರ ಜೋಡಿ ಹೆಂಗ ಮಾತಾಡಬೇಕ ಹೇಳ."

ನಾನು ತಿರುಗಿ ನೋಡಿದೆ. ಅವ್ವ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಸೆರಗು ಬಾಯಿಗೆ ಒತ್ತಿಕೊಂಡಳು. ಒಂದೂವರೆ ವರ್ಷ ಅವಳು ಆ ಸುದ್ದಿಯನ್ನು ಒಬ್ಬಳೇ ಹೊತ್ತಿದ್ದಳು. ಅಪ್ಪ ಎದ್ದು ಹೋಗಿ ಅವಳ ಎದುರು ನಿಂತು, "ಒಬ್ಬಾಕೀನ ಯಾಕ ಇಟಗೊಂಡಿ?" ಅಂದ. ಬೈಯುವ ಧ್ವನಿಯಲ್ಲ. ಅವಳು ಏನೋ ಹೇಳಿದಳು, ಅಳುವಿನಲ್ಲಿ ನನಗೇ ಕೇಳಿಸಲಿಲ್ಲ. ಅವನು ತಿಳಿದವನ ಹಾಗೆ ತಲೆಯಾಡಿಸಿದ.

ಉತ್ತರವನ್ನು ತಾನೇ ಟೈಪು ಮಾಡುತ್ತೇನೆಂದು ಹಟ ಹಿಡಿದ. ಬಲಗೈಯ ಒಂದೇ ಬೆರಳು. ಎರಡು ಮಧ್ಯಾಹ್ನ ಕುಳಿತ. ನನಗೆ ಟೈಪಿಂಗ್ ಕಲಿಸಿ ಕಲಿಸಿ ಅಂಥ ಬೆರಳು ಕಂಡರೆ ಮೈಯುರಿಯುತ್ತಿತ್ತು, ಆದರೂ ಆ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮುಗಿದ ಮೇಲೆ ಕರೆದು, ತಪ್ಪಿದ್ದರೆ ತಿದ್ದಿ ಕಳಿಸು ಅಂದ. ಕುಳಿತು ಓದಿದೆ.

"ಯವ್ವಾ, ಕಾಗದ ಮುಟ್ಟಿತು. ಅಳಬ್ಯಾಡ. ಕೂಸಿಗೆ ನನ್ನ ಕಿವಿ ಬಂದಾವೋ ಇಲ್ಲೋ ದೇವರಿಗೆ ಗೊತ್ತು. ಬಂದಿದ್ರ ನನ್ನ ಕಣ್ಣೂ ಬಂದಿರತಾವ, ಅವ ಎಲ್ಲಾ ನೋಡ್ತಾನ. ಡಾಕ್ಟರ್ ಏನೇನ ಹೇಳ್ತಾರ ಎಲ್ಲಾ ಮಾಡ. ಕಿವಿಗೆ ಮಶೀನ್ ಹಾಕಂದ್ರ ಹಾಕ. ಉಳದದ್ದು ನನಗ ಗೊತ್ತಿದ್ದಷ್ಟ ಹೇಳ್ತೇನಿ. ಹಿಂದಿನಿಂದ ಕರೀಬ್ಯಾಡ, ಅದು ನಮಗ ಮುಟ್ಟೂದಿಲ್ಲ. ಮುಂದ ಬಂದ ಕುಂಡ್ರ. ಕಿಡಕಿ ನಿನ್ನ ಬೆನ್ನಿಗೆ ಇರಬಾರದು, ಮಾರಿ ಕಪ್ಪ ಕಾಣತೈತಿ, ತುಟಿ ಕಾಣೂದಿಲ್ಲ. ಬೆಳಕು ನಿನ್ನ ಮಾರಿ ಮ್ಯಾಲ ಬೀಳಬೇಕ. ಮೊದಲ ಕೈ ಮುಟ್ಟು, ನೋಡಿದ ಮ್ಯಾಲ ಮಾತಾಡ. ಒದರಬ್ಯಾಡ ಯವ್ವಾ. ಒದರಿದ್ರ ತುಟಿ ಸೊಟ್ಟ ಆಗತಾವ, ಮಾರಿ ಸಿಟ್ಟಿನ ಮಾರಿ ಆಗತೈತಿ. ಮಾತ ತಿಳಿಯೂದಿಲ್ಲ, ಸಿಟ್ಟ ಅಷ್ಟ ತಿಳೀತೈತಿ. ಮನ್ಯಾಗ ಎಲ್ಲಾರೂ ನಗೂವಾಗ ಯಾಕ ನಗಾಕತ್ತೇವಿ ಅಂತ ಅವಗ ಆಗಿಂದಾಗ ಹೇಳ. ಆಮ್ಯಾಲ ಹೇಳ್ತೇನಿ ಅನಬ್ಯಾಡ. ಏನಿಲ್ಲ ಬಿಡು ಅಂತೂ ಎಂದೂ ಅನಬ್ಯಾಡ. ಹಂಗಂದ್ರ ಕೂಸ ಕೇಳೂದ ಬಿಡತೈತಿ. ನನ್ನ ಕಡೆ ಕರಕೊಂಡ ಬಾ. ಮಿಲ್ಲಿನ ಕೈಮಾತ ಎಲ್ಲಾ ಕಲಸ್ತೇನಿ."

ಅಪ್ಪ ಕಿಟಕಿಯ ಹತ್ತಿರ ನಿಂತು ನನ್ನ ಮುಖ ನೋಡುತ್ತಿದ್ದ. "ತಪ್ಪ ಭಾಳ ಅದಾವೇನು?" ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿದೆ.

ಒಂದಕ್ಷರವನ್ನೂ ತಿದ್ದದೆ ಕಳಿಸಿದೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಬೆನ್ನ ಹಿಂದಿನಿಂದ ಕೂಗಿದವಳು ನಾನು, ಆಮೇಲೆ ಹೇಳುತ್ತೇನೆ ಎಂದವಳೂ ನಾನು. ಮೊಮ್ಮಗನಿಗಾಗಿ ಅಪ್ಪ ಎರಡು ಮಧ್ಯಾಹ್ನ ಕುಳಿತು ಒಂದು ಬೆರಳಿನಿಂದ ಇಷ್ಟನ್ನೂ ಕೇಳಿಕೊಂಡಿದ್ದ. ತನಗಾಗಿ ಇದರಲ್ಲಿ ಒಂದನ್ನೂ ಅವನು ನನ್ನ ಹತ್ತಿರ ಯಾವತ್ತೂ ಕೇಳಿರಲಿಲ್ಲ.